ಬಿಸಿನೀರಿನ ತೊಟ್ಟಿಯ ಮೋಟಾರು

ರಿಪೇರಿ ಅಂಗಡಿಯ ಬೆಂಚಿನ ಮೇಲೆ ಸರದಿಗೆ ಕಾದಿದ್ದ ಮುದುಕರೊಬ್ಬರಿಗೆ, ಮುಂದೆ ನಿಂತ ಅಕ್ಕತಮ್ಮಂದಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಆ ಇಬ್ಬರ ತಾಯಿ ಸೆಟೆದ ಕೈಕಾಲು ಸಡಿಲಿಸಿಕೊಳ್ಳುತ್ತಿದ್ದ ಬಿಸಿನೀರಿನ ತೊಟ್ಟಿಯಲ್ಲಿ ನೀರು ಸುಳಿಸುವ ಪಂಪೂ ಮೋಟಾರೂ ಮೇಜಿನ ಮೇಲಿದ್ದವು.

“ಹೋದ ತಿಂಗಳು ತಾನೇ ಹೊಸ ಮೋಟಾರು ಹಾಕಿಸಿದ್ವಲ್ಲ!” ಎಂದಳು ಅಕ್ಕ.

“ಮೋಟಾರು ಹೊಸದು, ಪಂಪು ಹಳೇದು,” ಎಂದ ಮೇಸ್ತ್ರಿ. “ಪಂಪು ನೀರು ತಳ್ಳುತ್ತೆ, ಮೋಟಾರು ಅದನ್ನ ತಿರುಗಿಸುತ್ತೆ. ಪಂಪು ಬಿರುಕು ಬಿಟ್ಟು ಮೋಟಾರಿಗೆ ನೀರು ಇಳಿದಿದೆ. ಹಳೇ ಮೋಟಾರು ಸತ್ತದ್ದೂ ಹಾಗೇ. ಆಗ ನೀವು ಮೋಟಾರನ್ನ ಮಾತ್ರ ತಂದ್ರಿ, ನಾನೂ ಪಂಪು ಕೇಳಲಿಲ್ಲ.”

“ತೊಟ್ಟೀಲಿ ಏನೋ ಕಿರುಚುತ್ತೆ ಅಂತ ಅಮ್ಮ ಬಡ್ಕೊಂಡ್ಳು,” ಎಂದಳು ಅಕ್ಕ ತಮ್ಮನಿಗೆ. “ನೀನು ರೇಡಿಯೋ ಜೋರು ಮಾಡ್ದೆ.”

“ನೀನೂ ಅದೇ ಮನೇಲಿದ್ಯಲ್ಲ, ಮಹಾರಾಣಿ!” ಎಂದ ತಮ್ಮ. ಮೇಸ್ತ್ರಿಯತ್ತ ತಿರುಗಿ, “ಪಂಪೂ ಹೊಸದು ಹಾಕಿಬಿಡಿ,” ಎಂದ.

“ಈ ಅಳತೆಯದು ಈಗ ಯಾರೂ ಮಾಡಲ್ಲಪ್ಪ. ಬೇರೆಯದು ನಿಮ್ಮ ತೊಟ್ಟಿಗೆ ಕೂರಲ್ಲ. ಊರೆಲ್ಲ ವಿಚಾರಿಸಿದೆ.”

“ಬಕೀಟಲ್ಲಿ ಬಿಸಿನೀರು ಹೊಯ್ದ್ರೆ?” ಎಂದ ತಮ್ಮ.

“ನೀರು ಸುಳಿದ್ರೆ ತಾನೇ ಅಮ್ಮನ ಬೆರಳು ಬಿಚ್ಚೋದು?” ಎಂದಳು ಅಕ್ಕ.

“ಏನಂತ ಹೇಳೋಣ ಅವಳಿಗೆ?”

“ರಿಪೇರಿಗೆ ಕೊಟ್ಟಿದೀವಿ ಅನ್ನೋಣ.”

“ಎಷ್ಟು ದಿನ ಅಂತ ಅನ್ನೋದು, ಅಕ್ಕಾ?”

ಅಕ್ಕ ಸೆರಗಿನಿಂದ ಕೈಗೆ ಹತ್ತಿದ ಗ್ರೀಸು ಒರೆಸಿಕೊಂಡು ಹೊರಟಳು.

“ತಾಯಿ, ಇದನ್ನ ತಗೊಂಡು ಹೋಗಿ,” ಎಂದು ಮೇಸ್ತ್ರಿ ಕೂಗಿದ.

“ಇಲ್ಲೇ ಇರಲಿ. ಅಮ್ಮ ಕೇಳಿದಾಗ ಅಂಗಡೀಲಿದೆ ಅನ್ನೋದಾದ್ರೂ ಸುಳ್ಳಾಗಬಾರದು.”

ದೇವರ ಹೆಸರು ನಾಲಗೆಯ ಮೇಲಿದ್ದರೂ ಏನು ಬೇಡಬೇಕೆಂದು ತಿಳಿಯದೆ, ಮುದುಕರು ಅವರಿಬ್ಬರಿಗೂ ದಾರಿಯಾಗಲೆಂದು ಕಾಲು ಮಡಚಿಕೊಂಡರು.