ನೇರ ಗೆರೆಯ ಸ್ಟುಡಿಯೊದಲ್ಲಿ ಓರೆ ಏಣಿ

ಛಾಯಾಗ್ರಾಹಕರ ಸಂಘದ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಅಗ್ನಿಶಾಮಕ ಠಾಣೆಯ ನಿವೃತ್ತ ಅಧಿಕಾರಿಗಳೇ, ವೇದಿಕೆಯ ಬ್ಯಾನರು ಎಡಕ್ಕೆ ಇಳಿದಿದೆಯೆಂದು ಮುಂದಿನ ಸಾಲಿನಲ್ಲಿ ಚಡಪಡಿಸುತ್ತಿರುವ ನನ್ನ ಮಾವನವರೇ, ಸಭಿಕರೇ,

ಈ ವರ್ಷದ ಅತ್ಯುತ್ತಮ ಚಿತ್ರದ ಪ್ರಶಸ್ತಿ ನನ್ನದಾಯಿತು. ಇಂಥ ಹೊತ್ತಿನಲ್ಲಿ 'ನಾನಿದಕ್ಕೆ ಅರ್ಹಳಲ್ಲ' ಎನ್ನುವುದು ವಾಡಿಕೆ. ಕ್ಷಮಿಸಿ, ನಾನು ಅರ್ಹಳು! ಚಿತ್ರದಲ್ಲಿ ಗೆರೆಗಳ ಪಾತ್ರದ ಬಗ್ಗೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಗೆರೆಯ ಮಾತು ಬಂದರೆ ನಮ್ಮ ಮನೆಯ ಮಾತು ಬಂದೇ ಬರುತ್ತದೆ, ಸಹಿಸಿಕೊಳ್ಳಿ.

ಮಾವನ ಸ್ಟುಡಿಯೊದಲ್ಲಿ ಗೆರೆ ಎಂದರೆ ನೇರ ಗೆರೆ. ಗುಂಪು ಫೋಟೊದಲ್ಲಿ ಕುಳ್ಳಗಿರುವವರ ಕಾಲಡಿಗೆ ಇಟ್ಟಿಗೆ ಇಡುತ್ತಿದ್ದರು, ಎತ್ತರದವರಿಗೆ ಮಂಡಿ ಬಗ್ಗಿಸಲು ಹೇಳುತ್ತಿದ್ದರು. ತಲೆಗಳ ಮೇಲೆ ಹಲಗೆ ಹಾಸಿ ನೀರಿನ ಲೋಟ ಇಟ್ಟರೂ ತುಳುಕಬಾರದು! ಪ್ರಿಂಟಾದ ಮೇಲೆ ಗಾರೆ ಕೆಲಸದವರ ಹಾಗೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಮತ್ತೆ ಪರೀಕ್ಷೆ. ಸೊಸೆಯಾಗಿ ಬಂದ ನನಗೆ ಸಿಕ್ಕಿದ್ದು ಟಚಪ್ ಕೆಲಸ, ಊರವರ ಮೊಡವೆ ಅಳಿಸುವುದು. ಕ್ಯಾಮೆರಾ ಕೇಳಿದರೆ, "ನಿನ್ನ ಕೈ ನಿಲ್ಲಲ್ಲಮ್ಮ" ಎನ್ನುತ್ತಿದ್ದರು. ಕ್ಯಾಮೆರಾ ಹಿಡಿಯುತ್ತಿದ್ದ ನನ್ನ ಗಂಡನ ಕೈ ಮಾತ್ರ ನಿಲ್ಲುತ್ತಿತ್ತೇ? ಹೋಗಲಿ, ಅವರೂ ಇಲ್ಲೇ ಕುಳಿತಿದ್ದಾರೆ.

ಇವತ್ತಿನ ಮುಖ್ಯ ಅತಿಥಿಗಳ ನಿವೃತ್ತಿಯ ದಿನ ಠಾಣೆಯಲ್ಲಿ ಗುಂಪು ಫೋಟೊ ಇತ್ತು. ಮಾವನಿಗೆ ಸೊಂಟ ಹಿಡಿದಿತ್ತು, ಗಂಡ ಬೇರೆ ಊರಿನ ಮದುವೆಯ ಫೋಟೊ ತೆಗೆಯಲು ಹೋಗಿದ್ದರು. ವಿಧಿಯಿಲ್ಲದೆ ಕ್ಯಾಮೆರಾ ನನ್ನ ಹೆಗಲಿಗೆ ಬಂತು, ಜೊತೆಗೆ ಇಟ್ಟಿಗೆಗಳೂ ಬಂದವು. ಸಾಲು ನಿಲ್ಲಿಸಿದೆ. ತಲೆಗಳು ಸಮ, ಮುಖಗಳು ಪೆಚ್ಚು. "ರೆಡಿ" ಎನ್ನುವಷ್ಟರಲ್ಲಿ ಸೈರನ್ ಕೂಗಿತು. ಹತ್ತಿ ಗೋದಾಮಿಗೆ ಬೆಂಕಿ! ನಿವೃತ್ತರಾಗಬೇಕಿದ್ದವರೇ ಎಲ್ಲರಿಗಿಂತ ಮುಂದೆ ಓಡಿದರು, ಅವರ ಕುರ್ಚಿ ಮಗುಚಿ ಬಿತ್ತು. ನಾನು ಮಂಡಿಯೂರಿ ಕ್ಯಾಮೆರಾವನ್ನು ಬೇಕೆಂದೇ ವಾಲಿಸಿ ಕ್ಲಿಕ್ಕಿಸಿದೆ. ವಾಹನದ ಏಣಿ ಚಿತ್ರದ ಈ ಮೂಲೆಯಿಂದ ಆ ಮೂಲೆಗೆ ಹಾಯಿತು. ನೆಲದ ಮೇಲಿನ ಪೈಪು ಸುತ್ತಿ ಬಳಸಿ ಬಂದು, ನೋಡುವ ಕಣ್ಣನ್ನು ಓಡುವ ಬೂಟುಗಳ ಹತ್ತಿರ ತಂದು ಬಿಟ್ಟಿತು. ಬೆಂಕಿ ಆರಿಸಿ ಎಲ್ಲರೂ ಮಸಿ ಮುಖದಲ್ಲಿ ಕ್ಷೇಮವಾಗಿ ಮರಳಿದರು.

ಸಭಿಕರೇ, ಮಲಗಿದ ಗೆರೆ ಕಂಡರೆ ಕಣ್ಣೂ ಮಲಗುತ್ತದೆ. ನಿಂತ ಗೆರೆ ಕಂಡರೆ ನಮ್ಮ ಬೆನ್ನೂ ನೆಟ್ಟಗಾಗುತ್ತದೆ. ವಾಲಿದ ಗೆರೆ ಕಂಡರೆ? ಎಲ್ಲಿ ಬಿದ್ದೀತೋ ಎಂದು ಹಿಡಿಯಲು ಮನಸ್ಸು ಓಡುತ್ತದೆ. ನನಗೆ ಬೇಕಾಗಿದ್ದುದು ಆ ಓಟ.

ಮಾವ ನೋಡಿದವರೇ, "ಅಯ್ಯೋ, ನೆಲಾನೇ ಜಾರ್ತಿದೆಯಲ್ಲಮ್ಮ!" ಎಂದು ಪ್ರಿಂಟನ್ನು ತಿರುಗಿಸಿ, ಅಂಚು ಕತ್ತರಿಸಿ, ನೆಲ ಸಮ ಮಾಡಿಬಿಟ್ಟರು. ಮೂಲೆಗಳ ಜೊತೆ ಏಣಿಯ ತುದಿಯೂ ಹೋಯಿತು. ನಾನು ಇನ್ನೊಂದು ಪ್ರಿಂಟ್ ಹಾಕಿ ಎರಡನ್ನೂ ಅವರ ಮುಂದಿಟ್ಟೆ.

"ಮಾವ, ನೀವು ಕತ್ತರಿಸಿದ್ರಲ್ಲಿ ಇವರೆಲ್ಲ ಎಲ್ಲಿಗೆ ಹೊರಟಿದ್ದಾರೆ?"

ಎರಡನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಸುಳ್ಳು ಹೇಳುವ ಜಾಯಮಾನ ಅವರದಲ್ಲ. "ಬಸ್ಸು ಹಿಡಿಯೋಕೆ ಹೊರಟಂಗಿದೆ."

"ಇದ್ರಲ್ಲಿ?"

"ಬೆಂಕಿಗೆ." ಮರುಕ್ಷಣವೇ ಮುಖ ಗಂಟಾಯಿತು. "ಆದ್ರೂ ಓರೆ ಓರೆನೇ. ಸಂಘದ ಸ್ಪರ್ಧೆಗೆ ಕಳಿಸು. ಬಹುಮಾನ ಬಂದ್ರೆ ಕ್ಯಾಮೆರಾ ನಿಂದು. ಬರ್ಲಿಲ್ವಾ, ಟಚಪ್ ಮೇಜು ಬಿಟ್ಟು ಏಳಬಾರ್ದು."

ಒಪ್ಪಿದೆ. ತೀರ್ಪುಗಾರರಾಗಿದ್ದ ನಮ್ಮ ಅಧ್ಯಕ್ಷರು ಚಿತ್ರ ನೋಡಲು ಕತ್ತು ವಾಲಿಸಿದವರು, ಆ ದಿನವೆಲ್ಲ ಕತ್ತು ನೆಟ್ಟಗೆ ಮಾಡಲಿಲ್ಲವಂತೆ. ಗೆದ್ದೆ ಸ್ವಾಮಿ, ಗೆದ್ದೆ!

ಹಾಗಾದರೆ ಮಾವ ಸೋತರೇ? ಇವತ್ತು ಬೆಳಿಗ್ಗೆ ಸ್ಟುಡಿಯೊ ಬಾಗಿಲು ತೆರೆದವರು, ಗಿರಾಕಿಗಳ ಸ್ಟೂಲಿನ ಮೇಲೆ ತಾವೇ ಹೋಗಿ ಕುಳಿತರು. "ನಂದೊಂದು ತೆಗಿ" ಎಂದರು. ಜನ್ಮದಲ್ಲಿ ಬೇರೆಯವರ ಕ್ಯಾಮೆರಾ ನಂಬಿದವರಲ್ಲ! ಲೆನ್ಸಿನಲ್ಲಿ ನೋಡುತ್ತೇನೆ, ಬಲ ಹೆಗಲು ಇಳಿದುಹೋಗಿದೆ. ಆಯುಷ್ಯವೆಲ್ಲ ಕ್ಯಾಮೆರಾ ಚೀಲ ಹೊತ್ತ ಹೆಗಲು. ಒಂದೇ ಮನೆಯಲ್ಲಿದ್ದೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಂಕಟವಾಯಿತು. ಅಭ್ಯಾಸಬಲದಿಂದ ಹೆಗಲು ಸಮ ಮಾಡಲು ಹೋದೆ.

"ಬಿಡಮ್ಮ" ಎಂದರು. "ಇರೋ ಹಂಗೇ ತೆಗಿ."

ತೆಗೆದೆ. ಆ ಚಿತ್ರ ಮುಂದಿನ ವರ್ಷದ ಸ್ಪರ್ಧೆಗೆ ಬರುತ್ತಿದೆ. ಉಳಿದ ಸ್ಪರ್ಧಿಗಳು ಈಗಿನಿಂದಲೇ ಎರಡನೆಯ ಬಹುಮಾನಕ್ಕೆ ತಯಾರಿ ಮಾಡಿಕೊಳ್ಳಬಹುದು.

ಕ್ಯಾಮೆರಾ ಕೊಟ್ಟ ಕೈಗೂ, ಪ್ರಶಸ್ತಿ ಕೊಟ್ಟ ಕೈಗಳಿಗೂ, ಚಪ್ಪಾಳೆಗೆ ಸಿದ್ಧವಾಗಿರುವ ನಿಮ್ಮೆಲ್ಲರ ಕೈಗಳಿಗೂ ನನ್ನ ವಂದನೆ, ನಮಸ್ಕಾರ.