ಬೀಗದ ಮನೆಗೂ ಅಕ್ಷತೆ

ಶನಿವಾರ ಸಂಜೆ ಆರು ಗಂಟೆ. ಎರಡು ಊರುಗಳಲ್ಲಿ ಯಾವ ಊರಿನ ಮನೆ ಹಿಡಿಯುವುದೆಂದು ಮನೆಯವರಿಗೆ ಮರುದಿನ ಮಧ್ಯಾಹ್ನದೊಳಗೆ ಹೇಳಬೇಕಿತ್ತು. ಅಭಯ ಮತ್ತು ಚಿನ್ಮಯಿ ಇನ್ನೂ ಹೇಳಿರಲಿಲ್ಲ.

ಕೋಲ್ಕತ್ತದ ಕಸ್ಬಾದಲ್ಲಿ ಮಧ್ಯಾಹ್ನ ಹಿಡಿದ ಮಳೆ ಬಿಟ್ಟಿರಲಿಲ್ಲ. ರಸ್ತೆಯಲ್ಲಿ ನೀರು ನಿಂತು ಆಟೋಗಳು ಬಂದ್ ಆಗಿದ್ದವು. ಚಹಾಕ್ಕೆಂದು ಬಂದಿದ್ದ ಗಂಡ ಹೆಂಡತಿ ಅಭಯನ ಸೋದರತ್ತೆ ಇಂದುಮತಿಯ ಮನೆಯಲ್ಲೇ ಉಳಿದರು. ಇಂದುಮತಿ ಧಾರವಾಡದವರು. ಗಂಡ ರಂಗನಾಥರಿಗೆ ಬಿಬಿಡಿ ಬಾಗ್‌ನ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದವರು, ಕೋಲ್ಕತ್ತದಲ್ಲೇ ಮುದುಕಿಯಾದರು. ಬಂಗಾಳದ ಮಂಡಕ್ಕಿ ‘ಮುರಿ’ಗೆ ಧಾರವಾಡದ ಒಗ್ಗರಣೆ ಹಾಕಿ ಚುರುಮುರಿ ಮಾಡಿ ತಂದಿಟ್ಟರು.

ಅಭಯನಿಗೆ ನ್ಯೂ ಟೌನಿನಲ್ಲೇ ಇನ್ನೊಂದು ಫ್ಲಾಟ್ ಬೇಕಿತ್ತು; ಸೆಕ್ಟರ್ ಫೈವ್‌ನ ಆಫೀಸು ಅಲ್ಲಿಂದ ಹತ್ತಿರ. ಇಬ್ಬರೂ ನೋಡಿಬಂದ ಮನೆಗಳಲ್ಲಿ ಚಿನ್ಮಯಿಗೆ ಹಿಡಿಸಿದ್ದು, ಅಲ್ಲಿಯವರು ಗಂಗಾ ಎನ್ನುವ ಹೂಗ್ಲಿ ದಂಡೆಯ ಕೊನ್ನಗರದಲ್ಲಿ, ಹಳೆಯ ಮನೆಯೊಂದರ ನೆಲಮಹಡಿ. ಹೌರಾದಿಂದ ಸೆಕ್ಟರ್ ಫೈವ್‌ಗೆ ಮೆಟ್ರೋ ನೇರವಾದ ಮೇಲೆ ಹೊಳೆಯಾಚೆಯ ಊರುಗಳೂ ದೂರವಲ್ಲ ಎಂಬುದು ಅವಳ ವಾದ.

“ಲೋಕಲ್ ಟ್ರೇನಿನ್ಯಾಗ ಜೋತಾಡಕೋತ ಹೋಗಾಂವ ನಾನು, ಗಂಗಾ ನೋಡಕೋತ ಕೂಡಾಕಿ ಇಕಿ. ಇದ್ಯಾವ ನ್ಯಾಯ ಅತ್ಯಾ?” ಎಂದ ಅಭಯ.

ಚಿನ್ಮಯಿ ನಕ್ಕಳು, ನಿಜವಾದ ಕಾರಣ ಹೇಳಲಿಲ್ಲ. ಹೋದ ವರ್ಷ, ನ್ಯೂ ಟೌನಿನ ಬಾಡಿಗೆ ಮನೆಯಲ್ಲಿ, ಅಭಯ ಆಫೀಸಿನಲ್ಲಿದ್ದಾಗ ಅವಳಿಗೆ ಇದ್ದಕ್ಕಿದ್ದಂತೆ ರಕ್ತ ಹೋಗತೊಡಗಿತ್ತು. ಗೋಡೆ ಹಿಡಿದುಕೊಂಡು ಹೋಗಿ ಆ ಮಹಡಿಯ ಒಂದೊಂದು ಬಾಗಿಲಿನ ಗಂಟೆಯನ್ನೂ ಒತ್ತಿದ್ದಳು. ಬಾಗಿಲ ಕಿಂಡಿಯಲ್ಲಿ ಕಣ್ಣು ಬಂದು ಹೋಗಿತ್ತು, ಬಾಗಿಲು ತೆರೆದಿರಲಿಲ್ಲ. ಮಗು ಉಳಿಯಲಿಲ್ಲ. ಈಗ ಮತ್ತೆ ಬಸುರಿ. ಈ ಸಲ ಅಭಯನಿಗೂ ಹೇಳಿರಲಿಲ್ಲ. ಹೇಳಿದ ಕೂಡಲೇ ಏನಾದರೂ ಆಗಿಬಿಟ್ಟರೆ ಎಂಬ ಭಯ.

“ಆ ಬೀದಿನೇ ನನಗೆ ಹಿಡಿಸ್ತು ಅತ್ತೆ,” ಎಂದಳು. “ಎದುರುಮನೆ ಕಟ್ಟೆ ಮೇಲೆ ಒಬ್ಬರು ಕೂತಿದ್ರು. ನೀರು ಯಾವಾಗ ಬರುತ್ತೆ, ಯಾವ ತರಕಾರಿಯವನು ತೂಕದಲ್ಲಿ ಮೋಸ ಮಾಡ್ತಾನೆ, ಎಲ್ಲ ಹೇಳಿದ್ರು. ನೆಲಮಹಡಿನೇ ತಗೋ, ಮೆಟ್ಟಿಲು ಹತ್ತಬೇಡ ಅಂದ್ರು.”

“ಎದುರುಮನಿಗೆ ಬೀಗ ಇತ್ತಲ್ಲ?” ಎಂದ ಅಭಯ. “ಗ್ವಾಡ್ಯಾಗ ಆಲದ ಗಿಡ ಬೆಳದಾವ. ನಾ ಯಾರನ್ನೂ ನೋಡ್ಲಿಲ್ಲ.”

“ನೀನು ಒಳಗೆ ನಲ್ಲಿ ತಿರುಗಿಸ್ತಾ ಇದ್ದೆ.”

ಇಂದುಮತಿ ಚಹಾದ ಕಪ್ಪು ಕೆಳಗಿಟ್ಟರು. “ಎಲ್ಲಿ ಅಂದಿ ಆ ಗಲ್ಲಿ?”

“ಹನ್ನೆರಡು ಶಿವನ ಗುಡಿ ಇರೋ ಘಾಟ್ ಇದೆಯಲ್ಲ, ಅದರ ಹಿಂದೆ. ಕೆಂಪು ಸಿಮೆಂಟಿನ ಕಟ್ಟೆ.”

ಇಂದುಮತಿ ಗಂಡನ ಮುಖ ನೋಡಿದರು. ರಂಗನಾಥರು ಓದುತ್ತಿದ್ದ ಪೇಪರನ್ನು ಮಡಚಿದರು. “ಹೇಳಿಬಿಡು. ಇವತ್ತ ಹೇಳಲಿಲ್ಲಂದ್ರ ಮತ್ಯಾವಾಗ ಹೇಳ್ತಿ?”

ಇಂದುಮತಿ ಕಾಲು ಮೇಲೆತ್ತಿ ದಿವಾನದ ಮೇಲೆ ಕೂತರು.

“ಈ ಮನಿಗೆ ಬರೂಕಿಂತ ಮೊದಲ ನಾವೂ ನಿಮ್ಮಂಗ ಊರು ಹುಡುಕಿದವರ ನೋಡ್ರಿ... ಆಯಿತವಾರಕ್ಕೊಂದು ಟ್ರೇನು ಹತ್ತೂದು, ಬಾರಾಸಾತ್ ನೋಡಿದ್ವಿ, ಸೋನಾರ್‌ಪುರ ನೋಡಿದ್ವಿ, ಎಲ್ಲಿ ಹೋದ್ರೂ ಇವರು ಸ್ಟೇಷನ್ನಿನಿಂದ ಮನೀತನಕ ಗಡಿಯಾರ ನೋಡಕೋತ ನಡಿಯೋರು, ನಾ ಹಿತ್ತಲಾ ನೋಡಾಕಿ. ಕಡೀಕ ಕೊನ್ನಗರ ಅಂತ ಆತು, ನೀವು ನೋಡಿಬಂದ ಅದ ಗಲ್ಲಿ. ಯಾಕ ಅಂತ ಕೇಳ್ತೀರೇನು? ಹೊಳಿಗಾಳಿಗೆ ಸೀರಿ ಭಡಾಭಡಾ ಒಣಗತಿತ್ತು, ಅಷ್ಟಕ್ಕ ಒಪ್ಪಿಬಿಟ್ಟೆ!”

“ಟ್ರೇನೂ ಹೆಚ್ಚಿದ್ದವು,” ಎಂದರು ರಂಗನಾಥರು.

“ಇದ್ದವು ಅನ್ರಿ... ಮನಿ ಹೊಗೋ ಮುಂದ ಹಾಲು ಉಕ್ಕಿಸಬೇಕು, ಮುತ್ತೈದೇರನ್ನ ಕರದು ಉಡಿ ತುಂಬಬೇಕು. ಗುರ್ತಿಲ್ಲದ ಊರಾಗ ಕರಿಯೂದು ಹೆಂಗ? ನಮ್ಮ ಕಡೆ ಹೆಂಗ ಕರೀತಾರೋ ಹಂಗ! ತಾಟಿನ್ಯಾಗ ಅರಿಷಿಣ, ಕುಂಕುಮ, ಅಕ್ಷತಿ ಹಿಡಕೊಂಡು ಗಲ್ಲಿ ತುಂಬ ಅಡ್ಡಾಡಿದೆ. ಬಂಗಾಲಿ ಮಂದೀಗೆ ನಗಿ ತಡೀವಲ್ದು, ಅಕ್ಕಿಕಾಳು ಕೊಟ್ಟು ಊಟಕ್ಕ ಕರಿಯೋ ಹುಡುಗಿ ಎಲ್ಲಿಂದ ಬಂದ್ಲಪಾ ಅಂತ. ಆ ಕೆಂಪು ಕಟ್ಟಿ ಮನಿ ಒಂದಕ್ಕ ಬೀಗ ಇತ್ತು. ನಮ್ಮವ್ವ ಏನ್ ಹೇಳಿದ್ಲು? ಓಣ್ಯಾಗ ಒಂದು ಬಾಗಲಾನೂ ಬಿಡಬಾರದು, ಯಾರೂ ಇಲ್ಲಂದ್ರ ಹೊಸ್ತಿಲ ಮ್ಯಾಲ ನಾಕು ಅಕ್ಷತಿ ಇಟ್ಟು, ಬರ್ರಿ ಅಂತ ಹೇಳಿ ಬಾ ಅಂತ. ಇಟ್ಟೆ. ಬರ್ರಿ ಅಂದೆ... ಬೀಗಕ್ಕ ಜಂಗು ಹಿಡಿದದ್ದು ನೋಡಲೇ ಇಲ್ಲ ನಾನು.”

“ನಾ ನೋಡಿದ್ದೆ.”

“ನೋಡಿದವರು ಹೇಳಬೇಕಿಲ್ಲೋ!”

ಅಭಯ ಗಹಗಹಿಸಿ ನಕ್ಕ. ಇಂದುಮತಿ ನಗಲಿಲ್ಲ.

“ಬಂದ್ಲು... ಎಲ್ಲಾರ ಊಟ ಮುಗದು ಎಲಿ ತಗದ ಮ್ಯಾಲ, ನಡು ಮಧ್ಯಾಹ್ನದಾಗ. ನನ್ನ ವಾರಗಿಯಾಕಿ. ಕೆಂಪು ಅಂಚಿನ ಬಿಳಿ ಸೀರಿ, ಬೈತಲಿ ತುಂಬ ಸಿಂಧೂರ, ಕೈಯಾಗ ಶಂಖದ ಬಳಿ. ಊಟ ಬ್ಯಾಡ ಅಂದ್ಲು, ನೀರೂ ಬ್ಯಾಡ ಅಂದ್ಲು. ಕರದ ಮುತ್ತೈದಿ ಮನಿಗೆ ಬಂದಾಳ, ಬರೇ ಕೈಲೆ ಕಳಸ್ತಾರೇನು? ಕುಂಡ್ರಿಸಿ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲಾ, ನಮ್ಮವ್ವ ಗುಳೇದಗುಡ್ಡದಿಂದ ತರಿಸಿ ಕೊಟ್ಟಿದ್ದ ಗಿಣಿಹಸರು ಖಣ... ಆ ಖಣಾ ಹಿಡಕೊಂಡು ಎಷ್ಟೊತ್ತು ಸವರಿದ್ಲಂತೀರಿ, ಆಕೀಗೆ ಯಾರೂ ಏನೂ ಕೊಟ್ಟ ಇರಲಿಲ್ಲೇನೋ ಅನ್ನೋಹಂಗ.”

ಚುರುಮುರಿಯ ಬಟ್ಟಲಿನಲ್ಲಿದ್ದ ಚಿನ್ಮಯಿಯ ಕೈ ಅಲ್ಲೇ ನಿಂತಿತು.

“ನಮ್ಮ ಆಫೀಸಿನವರು ಇದಕ್ಕ ಶಾಂಕ್‌ಚುನ್ನಿ ಅಂತಾರ ಅತ್ಯಾ,” ಎಂದ ಅಭಯ. “ಶಂಖದ ಬಳಿ ಹಾಕ್ಕೊಂಡ ದೆವ್ವ. ಮನಿ ಹೆಂಗಸನ್ನ ಮರದ ಪೊಟರಿಯೊಳಗ ಬಚ್ಚಿಟ್ಟು, ತಾನ ಬಂದು ಸಂಸಾರ ಮಾಡ್ತದಂತ.”

“ನಿಮ್ಮ ಮಾಮನ್ನ ಕಟಿಗೊಂಡು ಸಂಸಾರ ಮಾಡೋ ಧೈರ್ಯ ಆಕೀಗಿದ್ರ ಮಾಡ್ಲಿ ಬಿಡು ಅಂತಿದ್ದೆ,” ಎಂದರು ಇಂದುಮತಿ. ರಂಗನಾಥರು ತಲೆಯಾಡಿಸಿದರು. “ಕೇಳ್ರಿ ಇಲ್ಲಿ. ಮರುದಿನ ಹೋಗಿ ನೋಡ್ತೀನಿ, ಬೀಗ ಹಂಗ ಅದ, ಬಾಗಲಕ್ಕ ಜ್ಯಾಡರ ಬಲಿ ಕಟ್ಟೇದ... ಆದ್ರ ಕಿಟಕಿ ಗಾಜಿನ ಒಳಗ, ಹಗ್ಗದ ಮ್ಯಾಲ, ಗಿಣಿಹಸರು ಖಣ. ತೊಳದು ಒಣಾ ಹಾಕ್ಯಾಳ!”

“ನಿಮಗೆ ಹೆದರಿಕೆ ಆಗ್ಲಿಲ್ವಾ ಅತ್ತೆ?” ಎಂದಳು ಚಿನ್ಮಯಿ.

“ಆಗಲಾರದ ಇರ್ತದೇನವಾ? ಮೈಯಾಗ ಜ್ವರಾನ ಬಂದ್ವು. ಆದ್ರ ಕರದಾಕಿ ನಾನ ಅಲ್ಲೇನು? ಕರದು, ಉಡಿ ತುಂಬಿ, ಮತ್ತ ಬರಬ್ಯಾಡ ಅಂತ ಯಾವ ಬಾಯಿಲೆ ಅನ್ಲಿ... ಆಕೀನೂ ಬರಲಿಲ್ಲ. ನಮ್ಮ ಮಗಳು ಮಾನಸ ಹುಟ್ಟೋತನಕ ಬರಲಿಲ್ಲ. ಅವತ್ತೂ ಹಿಂಗ ಮಳಿ. ಹಳಿ ಮ್ಯಾಲ ನೀರು ನಿಂತು ಟ್ರೇನು ಬಂದ್ ಆಗಿ ಇವರು ಹೌರಾ ಸ್ಟೇಷನ್ನಿನ್ಯಾಗ, ನಾ ಒಬ್ಬಾಕೀನ ಮನ್ಯಾಗ. ದಿನಾ ತುಂಬಿರಲಿಲ್ಲ, ಬ್ಯಾನಿ ಸುರು ಆತು. ಒದರಬೇಕಂದ್ರ ದನಿ ಇಲ್ಲ, ಏಳಬೇಕಂದ್ರ ಕಾಲಿಲ್ಲ. ಕಣ್ಣ ತಗದು ನೋಡ್ತೀನಿ, ಹಾಸಿಗಿ ಕಡೆ ಆಕಿ ನಿಂತಾಳ. ನನ್ನ ತಲಿ ಮ್ಯಾಲ ಕೈ ಇಟ್ಲು... ಹೊರಗ ಹೋದ್ಲು. ಆಮ್ಯಾಲ ಗಲ್ಲಿ ತುಂಬ ಬಾಗಲಾ ಬಡಿಯೋ ಸಪ್ಪಳ. ಈ ಮನಿ, ಅದರಾಚಿ ಮನಿ, ಅದರಾಚಿ ಮನಿ... ಮಂದಿ ಓಡಿ ಬಂದು ನನ್ನನ್ನ ಸೈಕಲ್ ವ್ಯಾನಿನ್ಯಾಗ ಹಾಕ್ಕೊಂಡು ದವಾಖಾನಿಗೆ ಒಯ್ದ್ರು. ನಿಮಗ ಯಾರು ಹೇಳಿದ್ರು ಅಂದ್ರ, ಬಾಗಲಾ ಬಡದಾರ ಅಂತಾರ, ಬಡದಾಕಿನ್ನ ಒಬ್ಬರೂ ನೋಡಿಲ್ಲ!”

ಹೊರಗೆ ಯಾರದೋ ಸ್ಕೂಟರು ನೀರಿನಲ್ಲಿ ಕೆಮ್ಮಿ ನಿಂತಿತು.

“ಮೂಲಿಮನಿ ಮುದುಕಿ ಕಡೀಕ ಬಾಯಿ ಬಿಟ್ಲು. ಆಕಿ ಹೆಸರು ಶೆಫಾಲಿ ಅಂತ. ಬೀಗದ ಮನಿ ಸೊಸಿ. ತುಂಬಿದ ಬಸರಿ, ಗಂಡ ಊರಾಗಿಲ್ಲ, ಇಂಥಾದ ಮಳ್ಯಾಗ ಗಲ್ಲಿ ತುಂಬ ಬಾಗಲಾ ಬಡದಿದ್ಲಂತ... ಗಾಳಿ ಸಪ್ಪಳ ಅಂದ್ಕೊಂಡು ಯಾರೂ ತೆಗೀಲಿಲ್ಲ. ಮುಂಜಾನೆ ತಗದಾಗ ತನ್ನ ಕಟ್ಟಿ ಮ್ಯಾಲ ಬಿದ್ದಿದ್ಲಂತ. ಗಂಡ ಬಂದಾಂವ ಬೀಗ ಹಾಕಿ ಹೋದಾಂವ ತಿರುಗಿ ಬರಲಿಲ್ಲ. ನನ್ನ ಸಲುವಾಗಿ ಆಕಿ ಎರಡನೇ ಸಲ ಬಡದಂಗಾತು ನೋಡ್ರಿ, ಈ ಸಲ ಎಲ್ಲಾ ಬಾಗಲಾ ತಗದ್ವು... ಅವತ್ತಿನಿಂದ ಆ ಗಲ್ಲ್ಯಾಗ ಬಾಗಲಾ ಬಡದ್ರ ಯಾರು ಅಂತ ಕೇಳೂದಿಲ್ಲ. ಮೊದಲ ತೆಗೀತಾರ, ಆಮ್ಯಾಲ ಕೇಳ್ತಾರ.”

ಚಿನ್ಮಯಿ ಬಟ್ಟಲನ್ನು ಪಕ್ಕಕ್ಕಿಟ್ಟಳು. ಕೈ ಒರೆಸಿಕೊಂಡಳು.

“ಅತ್ತೆ, ಆ ಕಟ್ಟೆ ಮೇಲೆ ಕೂತಿದ್ದವರು... ಅವರ ರವಿಕೆ ಗಿಣಿಹಸಿರು. ಖಣದ್ದು. ಮದುವೆಯಲ್ಲಿ ನೀವು ನನಗೆ ಕೊಟ್ಟಿದ್ರಲ್ಲ, ಅಂಥದ್ದೇ. ಇದು ನಮ್ಮ ಕಡೆ ಬಟ್ಟೆ, ನಿಮಗೆಲ್ಲಿ ಸಿಕ್ತು ಅಂತ ಕೇಳಿದೆ. ಒಬ್ಬಳು ನೆರೆಯವಳು ಕೊಟ್ಟಳು ಅಂದ್ರು.”

ಅಭಯ ನಗಲು ಹೋಗಿ, ಮಾಮನ ಮುಖ ನೋಡಿದ.

“ಆಕಿ ನಿನಗೇನರ ಕೇಳಿದ್ಲೇನು?” ಎಂದರು ಇಂದುಮತಿ.

ಚಿನ್ಮಯಿ ಅಭಯನನ್ನು ನೋಡಿದಳು. “ಎಷ್ಟು ತಿಂಗಳು ಅಂತ ಕೇಳಿದ್ರು.”

“ಯಾರಿಗೆ?”

“ನನಗೆ. ನಾನು ಯಾರಿಗೂ ಹೇಳಿರ್ಲಿಲ್ಲ ಅಭಯ. ನಿನಗೂ. ಹೋದ ಸಲದ ಹಾಗೇ ಆದ್ರೆ ಅಂತ...”

ಅಭಯ ಎದ್ದು ಬಂದು ಅವಳ ಪಕ್ಕದಲ್ಲಿ ಕೂತ. “ಗಂಡಗ ಹೇಳೂಕಿಂತ ಮೊದಲ ದೆವ್ವಕ್ಕ ಹೇಳ್ಯಾಳ ನೋಡ್ರಿ ಮಾಮ,” ಎಂದು ಅವಳ ಕೈ ಹಿಡಿದುಕೊಂಡ.

“ಹೇಳಿಲ್ಲ. ಅವರೇ ಕೇಳಿದ್ದು.”

ಇಂದುಮತಿ ಒಳಗೆ ಹೋಗಿ ಟ್ರಂಕು ತೆರೆದ ಸದ್ದಾಯಿತು. ಬಂದವರ ಕೈಯಲ್ಲಿ ಮಡಿಕೆ ಬಿಚ್ಚದ ಕೆಂಪು ಖಣವಿತ್ತು. ಅದನ್ನು ಚಿನ್ಮಯಿಯ ಮಡಿಲಿನಲ್ಲಿಟ್ಟರು.

“ಇದು ನಿನಗಲ್ಲವಾ. ನಾ ಕೊಟ್ಟಿದ್ದು ಇಷ್ಟು ವರ್ಷಕ್ಕ ಜೀರ್ಣ ಆಗಿರಬೇಕು, ಆದ್ರೂ ಅದನ್ನ ತೊಟಗೊಂಡು ಕುಂತಾಳ ಅಂದ್ರ... ಈ ಸಲ ನೀ ಹೊಸಾದು ಕೊಡು. ಬೀಗ ಅದ ಅಂತ ಬಿಟ್ಟು ಬರಬ್ಯಾಡ. ಆಕಿ ಒಳಗ ಇರ್ತಾಳ.”

ಮರುದಿನ ಬೆಳಿಗ್ಗೆ ಕೊನ್ನಗರದ ಮನೆಯವರಿಗೆ ಫೋನ್ ಮಾಡಿದ್ದು ಅಭಯ. ದುರ್ಗಾಪೂಜೆಗೆ ಮೊದಲೇ ಹಾಲು ಉಕ್ಕಿಸಿದರು. ಚಿನ್ಮಯಿ ಗಲ್ಲಿಯ ಎಲ್ಲ ಬಾಗಿಲಿಗೂ ಅಕ್ಷತೆ ಕೊಟ್ಟು ಕರೆದಳು. ಎದುರುಮನೆಯ ಹೊಸ್ತಿಲ ಮೇಲೂ ಇಟ್ಟಳು. ಊಟವಾಗಿ ಎಲೆ ತೆಗೆದ ಮೇಲೆ ಅಕ್ಕಿ, ಕೊಬ್ಬರಿ, ಕೆಂಪು ಖಣವನ್ನು ಆ ಕೆಂಪು ಕಟ್ಟೆಯ ಮೇಲಿಟ್ಟು ಬಂದಳು.

ಮಾರನೆಯ ದಿನ ಬೆಳಿಗ್ಗೆ ಹಾಲು ತರಲು ಹೊರಟ ಅಭಯ ಅದನ್ನು ಮೊದಲು ನೋಡಿದ. ಬೀಗ ಹಾಕಿದ ಮನೆಯ ಕಿಟಕಿ ಗಾಜಿನ ಒಳಗೆ, ಹಗ್ಗದ ಮೇಲೆ, ಹಳೆಯ ಗಿಣಿಹಸಿರು ರವಿಕೆಯ ಪಕ್ಕದಲ್ಲಿ ಕೆಂಪು ಖಣ ಒಣಗುತ್ತಿತ್ತು.