ಹಿಂದಿನ ಬೋಗಿಯಲ್ಲಿ ಅಪ್ಪ

ಟ್ರಾಮ್ ಆಗಷ್ಟೇ ಹೊರಟುಹೋಗಿತ್ತು. ಮುಂದಿನದಕ್ಕಾಗಿ ಬೆಂಚಿನಲ್ಲಿ ಕಾಯುತ್ತಿದ್ದ ದರ್ಜಿಯ ಎದುರಿಗೇ ಅಕ್ಕ, ತಂಗಿಯನ್ನು ಕೇಳಿದಳು.

“ಅಪ್ಪನ್ನ ಯಾವ ಬೋಗಿಗೆ ಹತ್ತಿಸ್ದೆ?”

“ಹಿಂದಿನದಕ್ಕೆ. ಕೂರೋಕೆ ಜಾಗ ಇತ್ತು.”

“ಅಯ್ಯೋ ಪುಣ್ಯಾತ್ಗಿತ್ತಿ, ಜಂಕ್ಷನ್ನಲ್ಲಿ ಅದನ್ನ ಕಳಚಿ ಬೇರೆ ಕಡೆ ಕಳಿಸ್ತಾರೆ. ಅಮ್ಮ ಕಾಯ್ತಿರೋದು ಮುಂದಿನ ಬೋಗಿ ಹೋಗೋ ಕಡೆ.”

“ಯಾರನ್ನಾದ್ರೂ ಕೇಳ್ತಾರೆ ಬಿಡು.”

“ಏನಂತ ಕೇಳ್ತಾರೆ? ಮನೆ ಎಲ್ಲಿದೆ ಅಂತ್ಲೇ ನೆನಪಿಲ್ಲ.”

ದರ್ಜಿ ಚೀಲ ಸರಿಸಿ ಜಾಗ ಮಾಡಿದ. ಇಬ್ಬರೂ ಕೂರಲಿಲ್ಲ.

ಇನ್ನೊಂದು ಟ್ರಾಮ್ ಬಂತು.

“ನೀನು ಹಿಂದಿನದಕ್ಕೆ ಹತ್ತಿ ಅಪ್ಪನ್ನ ಹುಡುಕು. ನಾನು ಅಮ್ಮನ ಹತ್ರ ಹೋಗ್ತೀನಿ.”

ತಂಗಿ ಕದಲಲಿಲ್ಲ.

“ನೀನೇ ಹುಡುಕಕ್ಕಾ. ಬೆಳಿಗ್ಗೆ ನನ್ನನ್ನ ಯಾರಮ್ಮ ನೀನು ಅಂದ್ರು. ನಾನು ಕರೆದ್ರೆ ಬರಲ್ಲ.”

ಅಕ್ಕ ಹಿಂದಿನ ಬೋಗಿಯತ್ತ ಓಡಿದಳು. ತಂಗಿ ಮುಂದಿನದಕ್ಕೆ ಹತ್ತಿದಳು.